ಬೇರಿನ ತುದಿ ದಾಟಿದ ಕೊಳೆ

ಅವ್ವನ ಕೆನ್ನೆ ಊದಿತ್ತು.

ರಾಮನಗರದಲ್ಲಿ ರೂಟ್ ಕೆನಾಲ್‌ನ ಮೊದಲ ಸಿಟಿಂಗ್ ಮುಗಿಸಿಕೊಂಡು ನಮ್ಮೂರು ಕೂಟಗಲ್ಲಿಗೆ ಮರಳಿದ ಮಾರನೆಯ ಬೆಳಿಗ್ಗೆ. ಬಲಗಡೆಯ ಕೆಳದವಡೆ ಬಿಗಿದಿತ್ತು. ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. ಅವ್ವನಿಗೆ ಶುಗರ್ ಇದೆ. ಸೋಂಕು ಕುತ್ತಿಗೆಗೆ ಇಳಿದರೆ ಏನಾಗಬಹುದೆಂದು ಎಂದೋ ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು.

ಹಲ್ಲು ಉಳಿಸಬೇಕೆಂದು ಹಟ ಹಿಡಿದವಳು ನಾನು. ನಮ್ಮ ಕಡೆ ಹಲ್ಲುನೋವೆಂದರೆ ಕೀಳಿಸುವುದೇ ಚಿಕಿತ್ಸೆ. ದುಡಿಯುವ ಹೆಂಗಸರ ಬಾಯಿ ಬೇಗ ಬೋಳಾಗುವುದನ್ನು ನಾವು ವಯಸ್ಸಿನ ಸಹಜ ಧರ್ಮವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಆ ಒಪ್ಪಿಗೆಯನ್ನು ಮಹಿಳಾ ಸಂಘದ ಸಭೆಗಳಲ್ಲಿ ಪ್ರಶ್ನಿಸುತ್ತಲೇ ಬಂದ ನನಗೆ ಮನೆಯೊಳಗಿನ ಎದುರಾಳಿಯೇ ಗಟ್ಟಿಗಿತ್ತಿಯಾಗಿದ್ದಳು. "ಮುದ್ದೆ ನುಂಗಕ್ಕೆ ಹಲ್ಲು ಯಾಕವ್ವ? ಕೀಳ್ಸಾಕು ಅತ್ಲಾಗೆ" ಎನ್ನುತ್ತಿದ್ದಳು ಅವ್ವ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದನ್ನೆಲ್ಲ ಬಳಸಿ ಆ ವಾದವನ್ನು ಗೆದ್ದಿದ್ದೆ.

ಈಗ ರಾಮನಗರದ ಹಲ್ಲಿನ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಅವರು ಕೂಡಲೇ ಕರೆತರಲು ಹೇಳಿದರು. ನಾನು ಫೋನ್ ಇಟ್ಟು ಒಳಗೆ ಬರುವಷ್ಟರಲ್ಲಿ ಅವ್ವ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕೆನ್ನೆಗೆ ಶಾಖ ಕೊಟ್ಟುಕೊಳ್ಳುತ್ತಿದ್ದಳು. ಮಂಡಿ ಹಿಡಿದರೂ ಸೊಂಟ ಉಳುಕಿದರೂ ನಮ್ಮ ಮನೆಯ ಮೊದಲ ಮದ್ದು ಅದೇ.

"ಅಕ್ಕ, ಭಾಷಣ ಮಾಡಿ ಅವ್ವನ ಬಾಯ್ ತೆಗಿಸ್ದೆ. ಈಗ ನೋಡು, ಅನ್ನ ತಿನ್ನಕ್ಕೂ ತೆಗ್ಯಂಗಿಲ್ಲ" ಎಂದ ತಮ್ಮ, ಕಾರು ಹೊರಡಿಸುತ್ತ.

"ನಾ ಬರಾದು ಕೀಳ್ಸಕ್ಕೆ. ಇನ್ನೊಂದ್ ಕಿತ ಆ ಸೂಜಿ ತೂರುಸ್ಕಳಕ್ಕಲ್ಲ" ಎಂದಳು ಅವ್ವ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹಲ್ಲಿನ ತಾತ್ಕಾಲಿಕ ಮುಚ್ಚಳ ತೆಗೆದರು. ಕೀವು ಬಂತು. ಅವ್ವನ ಮುಷ್ಟಿ ಸಡಿಲವಾಯಿತು. ಹೊರಗಿನಿಂದ ಶಾಖ ಕೊಟ್ಟರೆ ಊತ ಹೆಚ್ಚಬಹುದು, ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು ಎಂದು ಆಂಟಿಬಯಾಟಿಕ್ ಬರೆದರು.

"ಇದು ಯಾಕೆ ಹೀಗಾಯಿತು?" ಎಂದು ಕೇಳಿದೆ.

ಅವರು ಎಕ್ಸ್‌ರೇ ತೋರಿಸಿದರು. ಬೇರಿನೊಳಗಿನ ಕಿರಿದಾದ ದಾರಿಯನ್ನು ಫೈಲ್ ಎಂಬ ಸೂಜಿಯಂಥ ಅರದಿಂದ ಕೆರೆಯುವಾಗ, ಕೆರೆದ ಕೊಳೆ ತುಸು ಬೇರಿನ ತುದಿ ದಾಟಿ ಮೂಳೆಯ ಕಡೆ ಸರಿದಿರಬಹುದು. ದಾರಿ ಡೊಂಕಾಗಿದ್ದುದರಿಂದ ಅಂದು ಕೈಯಿಂದಲೇ ಫೈಲ್ ಆಡಿಸಿದ್ದರು. ಮೇಲೆ ಕೆಳಗೆ ಆಡಿಸಿದಾಗ ಕೊಳೆ ಮುಂದಕ್ಕೆ ತಳ್ಳಲ್ಪಡುವುದು ಹೆಚ್ಚು. ಯಂತ್ರದಿಂದ ತಿರುಗುವ ರೋಟರಿ ಫೈಲ್ ಸಾಮಾನ್ಯವಾಗಿ ಅದನ್ನು ಮೇಲಕ್ಕೆ ತರುತ್ತದೆ. ತೊಳೆಯುವ ದ್ರವವನ್ನು ಜೋರಾಗಿ ಒತ್ತಿದರೂ ಅಪಾಯವೇ.

"ತ್ವಾಟದ ಡ್ರಿಪ್ ಪೈಪ್ ಕಟ್ಕಂಡ್ರೆ ನನ್ ಮಗ ಕಡ್ಡಿ ತೂರುಸ್ತಾನೆ. ಕಸ ಇನ್ನೂ ಒಳಿಕ್ಕೋಗಿ ಕೂತ್ಕತದೆ. ಅಂಗಾ?" ಎಂದಳು ಅವ್ವ. ತಮ್ಮ ಗೋಡೆ ನೋಡಿದ.

"ಹಾಗೇ ಅಮ್ಮ" ಎಂದು ಡಾಕ್ಟರ್ ನಕ್ಕರು. "ಮುಂದಿನ ಸಲ ರೋಟರಿ ಬಳಸ್ತೀನಿ. ಪಕ್ಕದಲ್ಲಿ ತೂತಿರೋ ಸೂಜಿಯಿಂದ, ತುದಿಗಿಂತ ಮೇಲೇ ನಿಲ್ಲಿಸಿ, ನಿಧಾನಕ್ಕೆ ತೊಳೀತೀನಿ. ಆದರೂ ಪೂರ್ತಿ ತಡೆಯೋ ವಿಧಾನ ಇಲ್ಲ. ಎರಡು ಮೂರು ದಿನ ಸ್ವಲ್ಪ ನೋವಿರುತ್ತೆ. ಊದಿದರೆ ತಕ್ಷಣ ಬನ್ನಿ."

"ಇದನ್ನು ಮೊದಲೇ ಏಕೆ ಹೇಳಲಿಲ್ಲ?"

"ಹೇಳಿದ್ರೆ ಹೆದರಿ ಬರೋದೇ ಇಲ್ಲ ಮೇಡಂ, ತುಂಬ ಜನ."

ಅವ್ವ ಕುರ್ಚಿಯಿಂದಲೇ ತಲೆ ಎತ್ತಿದಳು. "ಹೇಳಿದ್ರೆ ಹೆದ್ರುಕಂಡಾದ್ರೂ ಬತ್ತೀವಿ ಕಣವ್ವ. ಹೇಳ್ದೆ ಊದಿದ್ರೆ ಬರಕ್ಕಿಲ್ಲ."

ಡಾಕ್ಟರ್ ಹೌದೆಂದು ತಲೆಯಾಡಿಸಿದರು. ಸಭೆಗಳಲ್ಲಿ ನಾನೂ ಹಲ್ಲು ಉಳಿಸುವ ಲಾಭವನ್ನಷ್ಟೇ ಹೇಳುತ್ತ ಬಂದಿದ್ದೆ. ಅಪಾಯವನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂಬುದು ಅಂದು ಮನಸ್ಸಿಗೆ ಇಳಿಯಿತು.

ಊತ ಇಳಿಯಿತು. ಎರಡನೆಯ ಸಿಟಿಂಗ್‌ಗೆ ಅವ್ವನನ್ನು ನಾನು ಒತ್ತಾಯಿಸಲಿಲ್ಲ. ಅವಳು ತಾನೇ ಸೀರೆ ಬದಲಿಸಿ ಹೊರಟಳು. ಹಿಂದಿರುಗುವಾಗ ದಾರಿಯುದ್ದಕ್ಕೂ ನನ್ನ ಕಣ್ಣು ಅವಳ ಕೆನ್ನೆಯ ಮೇಲೇ.

"ನನ್ ಮಕ ಏನ್ ಟಿ.ವಿ.ನಾ? ಆ ಕಡೆ ನೋಡೇ."

ಮಾರನೆಯ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಕುಳಿತಿದ್ದೆ. ಅವ್ವ ಎದ್ದಳು. ದವಡೆಯನ್ನು ಬೆರಳಿನಿಂದ ಒತ್ತಿ ನೋಡಿಕೊಂಡಳು. ನಾನು ಹತ್ತಿರ ಸರಿದೆ.

"ಒಸಿ ನೋವೈತೆ" ಎಂದಳು. "ಆಯಮ್ಮ ಹೇಳಿದ್ದಷ್ಟೇ."