ಹಿಂದೆ ಉಳಿದ ಯಜಮಾನ

“ಏನ್ರೀ ಶಾಂತಾ, ನಡಿಗಿ ಇನ್ನೂ ಹಂಗ ಬಿರಬಿರ ಐತಲ್ಲ?”

ಧಾರವಾಡದ ವಿಶ್ವವಿದ್ಯಾಲಯದ ಏರಿನಲ್ಲಿ ಎದುರಾದ ಎತ್ತರದ ಮನುಷ್ಯರೊಬ್ಬರು ನನ್ನ ಹೆಂಡತಿಯನ್ನು ಕೇಳಿದರು. ಮದುವೆಗೆ ಮುಂಚೆ ಅವಳು ಅಲ್ಲೇ ಓದಿದವಳು; ಇವರು ಜೊತೆಗೆ ಓದಿದವರಂತೆ. ಇಬ್ಬರೂ ಹರಟುತ್ತ ಏರು ಹತ್ತಿದರು. ಮಳೆ ಬಂದೀತೆಂದು ಕೊಡೆ, ಚಳಿಯಾದೀತೆಂದು ಮಫ್ಲರು, ಕತ್ತಲಾದೀತೆಂದು ಬ್ಯಾಟರಿ ಹೊತ್ತಿದ್ದ ನಾನು ಹಿಂದೆ ಬಿದ್ದೆ.

ನಮ್ಮೂರು ಸಿರುಗುಪ್ಪದಲ್ಲಿ ಅವಳು ಸದಾ ನನಗಿಂತ ನಾಲ್ಕು ಹೆಜ್ಜೆ ಹಿಂದೆ. ನಮ್ಮ ಕಡೆ ಹೆಂಗಸರು ನಡೆಯುವುದೇ ಹಾಗೆ. ಪಾಪ, ಇವಳ ನಡಿಗೆ ನಿಧಾನವೆಂದು ನಾನು ಇಷ್ಟು ವರ್ಷ ಮರುಗಿದ್ದೆ. ಈಗ ನೋಡಿದರೆ ಓಡುವುದೊಂದು ಬಾಕಿ. ಹೊಟ್ಟೆ ಉರಿಯಿತು. ಬೆಳಿಗ್ಗೆ ತಿಂದ ಮಿರ್ಚಿಯದಿರಬೇಕು ಎಂದುಕೊಂಡೆ.

“ಯಜಮಾನ್ರು ಬಂದಿಲ್ಲೇನ್ರಿ?” ಎಂದರು ಅವರು.

“ಬಂದಾರ್ರಿ. ಹಿಂದ ಅದಾರ,” ಎಂದಳು ಇವಳು, ತಿರುಗಿಯೂ ನೋಡದೆ.

ಮರುದಿನ ಊರಲ್ಲಿ ಬಸ್ಸಿಳಿದೊಡನೆ ಅವಳು ಮತ್ತೆ ನನ್ನ ಹಿಂದೆ ಸರಿದಳು. “ನೀನ ಮುಂದ ನಡಿ,” ಎಂದೆ.

ಈಗ ಸಂತೆಗೆ ಹೋಗುವಾಗ ಅವಳು ಮುಂದೆ, ಚೀಲ ಹಿಡಿದು ಏದುಸಿರು ಬಿಡುವ ನಾನು ಹಿಂದೆ. ನೋಡಿದವರು ನಗುತ್ತಾರೆ, ನಗಲಿ. ನನ್ನ ಚಿಂತೆ ಬೇರೆ. ಆ ಮನುಷ್ಯ ಇವಳ ಸಮಸಮಕ್ಕೆ, ಅದೂ ಏರಿನಲ್ಲಿ, ನಗುನಗುತ್ತ ಹೇಗೆ ನಡೆದ ಎಂಬುದು.