ಅಕ್ಕನ ಹಿತ್ತಲಿನ ಬಂಡೆ

ಊರಿನ ನೆಲದಡಿ ಏನಿದೆ ಎಂದು ಯಾರು ಕೇಳಿದರೂ ಜನ ಬೋರ್‌ವೆಲ್ ಕೊರೆಯುವವನ ಕಡೆ ಬೆರಳು ತೋರಿಸುತ್ತಿದ್ದರು. ಮೇಲೆ ಕೆಂಪು ಮಣ್ಣು, ಕೆಳಗೆ ಜೇಡಿ, ಆಮೇಲೆ ಕರಿಕಲ್ಲು, ಎಲ್ಲ ಅವನಿಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು. ಆದರೆ ಸ್ವಂತ ಅಕ್ಕನ ಹಿತ್ತಲಲ್ಲೇ ಅವನ ಲೆಕ್ಕ ತಲೆಕೆಳಗಾಯಿತು. ಅವನೇ ಆರಿಸಿದ ಜಾಗದಲ್ಲಿ ಯಂತ್ರ ಮಧ್ಯಾಹ್ನದವರೆಗೂ ಬರೀ ಬೂದು ಪುಡಿ ಉಗುಳಿತು.

"ಬಂಡೆಗೆ ಬಿರುಕೇ ಇಲ್ಲ ಅಕ್ಕ, ನೀರು ಎಲ್ಲಿಂದ ಬರುತ್ತೆ? ಬಿಟ್ಟುಬಿಡು," ಎಂದ.

"ಹಾಗಾದ್ರೆ ಆ ಬಟ್ಟೆ ಒಗೆಯೋ ಕಲ್ಲಿನ ಹತ್ರ ಕೊರಿ. ನೀರು ಹೊರೋದಾದ್ರೂ ತಪ್ಪುತ್ತೆ," ಎಂದಳು ಅಕ್ಕ.

ಅವಳ ಬಾಯಿ ಮುಚ್ಚಿಸಲೆಂದೇ ಅವನು ಅಲ್ಲಿ ಕೊರೆದ. ಸ್ವಲ್ಪ ಹೊತ್ತಿನಲ್ಲೇ ಪುಡಿ ಬೆಳ್ಳಗಾಗಿ, ಬಿರುಕಿನಲ್ಲಿ ನೀರು ಹಿಡಿದಿಡುವ ಬೆಣಚುಕಲ್ಲಿನ ಚೂರುಗಳು ಹಾರಿದವು. ಹಿಂದೆಯೇ ನೀರು ಚಿಮ್ಮಿ ಇಬ್ಬರನ್ನೂ ತೋಯಿಸಿತು. ಅಕ್ಕ ನಗುತ್ತಾ ಬಿಂದಿಗೆ ತರಲು ಓಡಿದಳು.

ಅವನು ಒಂದು ಕುಳಿಯಿಂದ ಇನ್ನೊಂದಕ್ಕೆ ನಡೆದ, ಮತ್ತೆ ಹಿಂದಕ್ಕೆ ಬಂದ. ನಡುವೆ ಒಂದು ಗಾಡಿ ನಿಲ್ಲಿಸುವಷ್ಟೂ ಜಾಗವಿರಲಿಲ್ಲ. ಆ ಬೆಣಚು ಅಲ್ಲಿಗೆ ಹೇಗೆ ಬಂತು, ಇಲ್ಲಿಗೆ ಯಾಕೆ ಬರಲಿಲ್ಲ, ಒಂದೂ ತಲೆಗೆ ಹತ್ತಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯವರು, "ನಮಗೆಲ್ಲಿ ಕೊರೀತೀಯಪ್ಪ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದ. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವನೇ ಬೆಪ್ಪಾಗಿ ನಿಂತ.