ಒಡೆಯದೆ ಬಿತ್ತಿದ ಕೊತ್ತಂಬರಿ

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಬೆಳಿಗ್ಗೆ ಹೊಲದ ಕೆಲಸ ಮುಗಿಸಿ, ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ ಹೋಗಿ ಪಡೆದ ಬಿ.ಕಾಂ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮದುವೆಯಾಗಿ ಬಂದದ್ದು ಕೆ.ಆರ್. ಪುರದಿಂದ ಆಚೆಗಿನ ಹಳ್ಳಿಗೆ, ಸೊಪ್ಪು ಬೆಳೆಯುವ ಮನೆಗೆ. ಮೊದಲ ವಾರವೇ ಅತ್ತೆ ನನ್ನ ಕೈಯಿಂದ ಕೊತ್ತಂಬರಿ ಬಿತ್ತಿಸಿದರು. ದಟ್ಟವಾಗಿ ಬಂತು. ಅಲ್ಲಿಗೆ ನನ್ನ ಕೈಗುಣ ಒಳ್ಳೆಯದೆಂದು ತೀರ್ಮಾನವಾಯಿತು. ತವರಿಗೆ ಹೋದರೂ ಬಿತ್ತುವ ದಿನಕ್ಕೆ ಕರೆಸಿಕೊಳ್ಳುತ್ತಿದ್ದರು.

ಮೂರನೇ ವರ್ಷ ಇಂದಿರಾನಗರದ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಹದಿನೈದು ದಿನದೊಳಗೆ ಸೇರಬೇಕಿತ್ತು. ಗಂಡ "ಅಮ್ಮನ್ನ ಕೇಳು" ಎಂದು ಜಾರಿಕೊಂಡರು. ಅತ್ತೆ ನಕ್ಕರು.

"ನೀನು ಹೋದ್ರೆ ಬಿತ್ತೋರ್ಯಾರೇ? ನಿನ್ನ ಗಂಡ ಹಾಕಿದ್ರೆ ಗರಿಕೇನೂ ಹುಟ್ಟಲ್ಲ."

"ನನ್ನ ಕೈಯಲ್ಲೂ ಹುಟ್ಟದೇ ಹೋದ್ರೆ?"

"ಆಗ ಹೋಗು, ನಾನ್ಯಾಕ್ ತಡೀಲಿ?"

ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೊತ್ತಂಬರಿ ಬೀಜವನ್ನು ನೆಲದ ಮೇಲೆ ಹರಡಿ, ಚಪ್ಪಲಿಯಿಂದ ತಿಕ್ಕಿ, ಎರಡು ಹೋಳು ಮಾಡಿ ಬಿತ್ತಬೇಕು. ಒಡೆಯದಿದ್ದರೆ ಹುಟ್ಟುವುದಿಲ್ಲ ಎಂದೇ ನಾನು ನಂಬಿದ್ದೆ. ಮರುದಿನ ಇಡೀ ಕಾಳನ್ನೇ ಎರಚಿ ಮಣ್ಣು ಮುಚ್ಚಿದೆ.

ಎಂಟನೇ ದಿನ ಪಾತಿ ಬೋಳು. ಹತ್ತನೇ ದಿನವೂ ಬೋಳು. ಅತ್ತೆ ದಿನಾ ಬಂದು, ಬಗ್ಗಿ ನೋಡಿ ಹೋಗುತ್ತಿದ್ದರು. ನಾನು ಸೀರೆ ಇಸ್ತ್ರಿ ಮಾಡಿಟ್ಟೆ. ಅಂಕಪಟ್ಟಿಗಳನ್ನು ಬ್ಯಾಗಿಗೆ ಸೇರಿಸಿದೆ.

ಹದಿನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಹೊಲದಿಂದ ಕೂಗಿದರು. ಹೋಗಿ ನೋಡಿದರೆ ಪಾತಿ ತುಂಬ ಮೊಳಕೆ. ಒಂದನ್ನು ಕಿತ್ತು, ಅದಕ್ಕೆ ಅಂಟಿದ್ದ ಇಡೀ ಸಿಪ್ಪೆಯನ್ನು ನನ್ನ ಮುಖದ ಮುಂದೆ ಹಿಡಿದರು.

"ಒಡೀದೇ ಹಾಕಿದ್ಯಾ?"

ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಜಗಳವಾಡಿಯಾದರೂ ಹೊರಡಬಹುದಿತ್ತು.

"ಒಡೀದೇ ಹಾಕಿದ್ರೂ ಬಂತಲ್ಲೇ! ಎಂಥಾ ಕೈ ತಾಯಿ ನಿಂದು!" ಎಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

ಓದಿದವಳು ನಾನು. "ಹೋಗ್ತೀನಿ" ಎಂಬ ಒಂದು ಮಾತನ್ನು ಬಾಯಿ ಬಿಟ್ಟು ಹೇಳಲಾಗದೆ ಬೀಜದ ಕೈಲಿ ಹೇಳಿಸಲು ಹೋಗಿದ್ದೆ. ಮಧ್ಯಾಹ್ನ ಕಚೇರಿಗೆ ಫೋನ್ ಮಾಡಿ, "ಬರೋಕಾಗಲ್ಲ ಮೇಡಂ" ಎಂದೆ.

ತಿಂಗಳಾದ ಮೇಲೆ ಆ ಸೊಪ್ಪು ಕಿತ್ತು ಕಂತೆ ಕಟ್ಟಿದವಳೂ ನಾನೇ. ಗಂಡ ಅದನ್ನು ಗೂಡ್ಸ್ ಆಟೋಗೆ ತುಂಬಿ, ಇಂದಿರಾನಗರ ದಾಟಿ ಶಿವಾಜಿನಗರದ ಮಾರ್ಕೆಟ್ಟಿಗೆ ಒಯ್ದರು. ಅಷ್ಟರಲ್ಲಿ ಅತ್ತೆ ಮುಂದಿನ ಪಾತಿಗೆ ಬೀಜ ತಂದಿಟ್ಟಿದ್ದರು. ಈ ಸಲ ತಾವೇ ತಿಕ್ಕಿ.